ಆರ್ಕಿಟೆಕ್ಚರ್ ವಿದ್ಯಾರ್ಥಿಗಳಿಗೆ ವಿನ್ಯಾಸ ತಂತ್ರಾಂಶ: ಕಡಿಮೆ ಖರ್ಚಿನಲ್ಲಿ, ಕಾನೂನುಬದ್ಧವಾಗಿ ಪಡೆಯುವ ಸಮಗ್ರ ಮಾರ್ಗದರ್ಶಿ

ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ತಂತ್ರಾಂಶದ ವಿಷಯದಲ್ಲಿ ಎಡವುವ ಜಾಗಗಳು ವರ್ಷ ಕಳೆದರೂ ಬದಲಾಗುತ್ತಿಲ್ಲ. ವಿದ್ಯಾರ್ಥಿ ಎಂದು ರುಜುವಾತು ಮಾಡಲು ಹೋದವರ ಅರ್ಜಿ ತಿರಸ್ಕಾರವಾಗುತ್ತದೆ. ಮನೆಯಲ್ಲಿ ಮಾಡಿದ ಫೈಲ್ ಕಾಲೇಜಿನ ಲ್ಯಾಬ್‌ನಲ್ಲಿ ತೆರೆಯುವುದಿಲ್ಲ. ಜ್ಯೂರಿಯ (ಪ್ರಾಜೆಕ್ಟ್ ಮೌಲ್ಯಮಾಪನದ) ಹಿಂದಿನ ರಾತ್ರಿ ಲೈಸೆನ್ಸ್ ಮುಗಿದಿರುತ್ತದೆ. ಆ ಗಾಬರಿಯಲ್ಲಿ ಯಾರೋ ಕಳುಹಿಸಿದ ಕ್ರ್ಯಾಕ್ (ಲೈಸೆನ್ಸ್ ತಪ್ಪಿಸಿ ನಡೆಯುವ ನಕಲಿ ಪ್ರತಿ) ಹಾಕಿಕೊಂಡು ಇಡೀ ಸೆಮಿಸ್ಟರ್‌ನ ಕೆಲಸ ಕಳೆದುಕೊಂಡವರೂ ಇದ್ದಾರೆ.

ಬಿ.ಆರ್ಕ್.ನ ಐದು ವರ್ಷಗಳಿಗೆ ಬೇಕಾಗುವ ಬಹುಪಾಲು ತಂತ್ರಾಂಶ ವಿದ್ಯಾರ್ಥಿಗೆ ಉಚಿತವಾಗಿಯೇ ಸಿಗುತ್ತದೆ. ಹೀಗಿದ್ದೂ ಸೋಲುವುದಕ್ಕೆ ಮುಖ್ಯ ಕಾರಣ ಕೆಲಸಗಳನ್ನು ಹಿಂದುಮುಂದಾಗಿ ಮಾಡುವುದು. ಹೆಚ್ಚಿನವರು ಮೊದಲು ಡೌನ್‌ಲೋಡ್ ಮಾಡುತ್ತಾರೆ, ಆಮೇಲೆ ಖಾತೆ ತೆರೆಯುತ್ತಾರೆ, ದಾಖಲೆ ಕೇಳಿದಾಗ ಹುಡುಕಾಡುತ್ತಾರೆ, ಲ್ಯಾಪ್‌ಟಾಪ್ ತಡೆಯುತ್ತದೆಯೇ ಎಂದು ಕೊನೆಗೆ ನೋಡುತ್ತಾರೆ. ಕೆಳಗಿನ ಕ್ರಮ ಇದಕ್ಕೆ ತದ್ವಿರುದ್ಧ. ಒಂದೂ ಹಂತ ದಾಟದೆ ಹೋಗಿ.

## ಕೈಯಲ್ಲಿ ಇರಬೇಕಾದದ್ದು

ಈ ಶೈಕ್ಷಣಿಕ ವರ್ಷದ ಶುಲ್ಕ ರಸೀದಿ, ಕಾಲೇಜಿನ ಗುರುತಿನ ಚೀಟಿ, ಸಾಧ್ಯವಾದರೆ ವ್ಯಾಸಂಗ ಪ್ರಮಾಣಪತ್ರ, ಕಾಲೇಜು ಕೊಟ್ಟ ಇಮೇಲ್ ಇದ್ದರೆ ಅದು, ಐದು ವರ್ಷವೂ ಬಳಸುವ ಒಂದು ಸ್ವಂತ ಇಮೇಲ್, ಕನಿಷ್ಠ 60 ಜಿಬಿ ಖಾಲಿ ಇರುವ ಡಿಸ್ಕ್, ಫೈಲ್ ಪ್ರತಿ ಇಡಲು ಒಂದು ಪೆನ್‌ಡ್ರೈವ್ ಅಥವಾ ಹೊರಗಿನ ಹಾರ್ಡ್‌ಡಿಸ್ಕ್. ಹಾಸ್ಟೆಲ್‌ನ ಮೊಬೈಲ್ ಡೇಟಾದಲ್ಲಿ ಇಂಥ ಡೌನ್‌ಲೋಡ್ ಮುಗಿಯುವುದಿಲ್ಲ. ಕಾಲೇಜಿನ ಅಥವಾ ಪರಿಚಯದವರ ಮನೆಯ ವೈಫೈ ಗೊತ್ತುಮಾಡಿಕೊಳ್ಳಿ.

## ಹಂತ 1: ಲ್ಯಾಪ್‌ಟಾಪ್ ಮತ್ತು ಲ್ಯಾಬ್ ಎರಡನ್ನೂ ಪರೀಕ್ಷಿಸಿ

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮೂರು ಸಂಗತಿ ನೋಡಿ: ರ‍್ಯಾಮ್ ಎಷ್ಟು, ಡಿಸ್ಕ್ ಎಸ್‌ಎಸ್‌ಡಿಯೇ ಅಲ್ಲವೇ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದೆಯೇ. 8 ಜಿಬಿ ರ‍್ಯಾಮ್‌ನಲ್ಲಿ ಆಟೋಕ್ಯಾಡ್‌ನ ಎರಡು ಆಯಾಮದ ಕೆಲಸ ನಡೆಯುತ್ತದೆ, ಸ್ಕೆಚ್‌ಅಪ್‌ನ ಸಣ್ಣ ಮಾಡೆಲ್ ನಡೆಯುತ್ತದೆ. ಕಟ್ಟಡದ ಮೂರು ಆಯಾಮದ ಮಾಡೆಲ್ ಮಾಡುವ ರೆವಿಟ್‌ನ ಈಚಿನ ಆವೃತ್ತಿಗಳಿಗೆ 16 ಜಿಬಿ ಬೇಕೇ ಬೇಕು. ಅದಕ್ಕಿಂತ ಕಡಿಮೆ ಇದ್ದರೆ ತೆರೆಯಬಹುದು, ಆದರೆ ಮಾಡೆಲ್ ಬೆಳೆದಂತೆ ಪ್ರತಿ ಕ್ಲಿಕ್‌ಗೂ ಕಾಯಬೇಕಾಗುತ್ತದೆ.

ಹೊಸ ಲ್ಯಾಪ್‌ಟಾಪ್‌ಗೆ ಹಣ ಹೊಂದಿಸುವ ಮೊದಲು ಇರುವುದಕ್ಕೇ ರ‍್ಯಾಮ್ ಸೇರಿಸಲು ಆಗುತ್ತದೆಯೇ ಎಂದು ಕೇಳಿ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಲ್ಯಾಪ್‌ಟಾಪ್ ಮಾದರಿಯ ಸಂಖ್ಯೆ ಹೇಳಿದರೆ ಯಾವ ರ‍್ಯಾಮ್ ಕೂರುತ್ತದೆ ಎಂದು ತಿಳಿಸುತ್ತಾರೆ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡ್‌ಗೇ ಬೆಸೆದಿರುತ್ತದೆ, ಅವಕ್ಕೆ ಸೇರಿಸಲಾಗದು. ಕೊಳ್ಳುವಾಗಲೇ ಇದನ್ನು ವಿಚಾರಿಸಿ.

ಮ್ಯಾಕ್ ಕೊಳ್ಳಬೇಕೆಂದಿರುವವರು ಒಂದು ಕ್ಷಣ ನಿಲ್ಲಿ. ರೆವಿಟ್, ತ್ರೀಡಿಎಸ್ ಮ್ಯಾಕ್ಸ್, ಲ್ಯೂಮಿಯನ್ ಮೂರೂ ವಿಂಡೋಸ್‌ಗೆ ಮಾತ್ರ ಇವೆ. ಆಟೋಕ್ಯಾಡ್, ಆರ್ಕಿಕ್ಯಾಡ್, ರೈನೋ, ಸ್ಕೆಚ್‌ಅಪ್, ಬ್ಲೆಂಡರ್‌ಗಳಿಗೆ ಮ್ಯಾಕ್ ಆವೃತ್ತಿ ಇದೆ. ನಿಮ್ಮ ಕಾಲೇಜಿನಲ್ಲಿ ರೆವಿಟ್ ಕಡ್ಡಾಯವಾಗಿದ್ದರೆ ಮ್ಯಾಕ್ ತೊಡಕಾಗುತ್ತದೆ.

ಇನ್ನು ಲ್ಯಾಬ್. ಅಲ್ಲಿನ ಕಂಪ್ಯೂಟರ್ ಮುಂದೆ ಕುಳಿತು ಯಾವ ತಂತ್ರಾಂಶ, ಯಾವ ವರ್ಷದ ಆವೃತ್ತಿ ಎಂದು ಬರೆದುಕೊಳ್ಳಿ. ಐದು ನಿಮಿಷದ ಈ ಕೆಲಸವನ್ನು ಬಹುತೇಕ ಯಾರೂ ಮಾಡುವುದಿಲ್ಲ, ಆಮೇಲೆ ಬಹುತೇಕ ಎಲ್ಲರೂ ಪರದಾಡುತ್ತಾರೆ. ಹೊಸ ರೆವಿಟ್‌ನಲ್ಲಿ ಉಳಿಸಿದ ಫೈಲನ್ನು ಹಳೆಯ ರೆವಿಟ್ ತೆರೆಯುವುದಿಲ್ಲ, ಹಿಂದಿನ ಆವೃತ್ತಿಗೆ ಉಳಿಸುವ ದಾರಿಯೂ ಅದರಲ್ಲಿ ಇಲ್ಲ. ಲ್ಯಾಬ್‌ನಲ್ಲಿ 2023 ಇದ್ದು ನೀವು 2025 ಹಾಕಿಕೊಂಡರೆ ಮನೆಯ ಕೆಲಸ ಮನೆಯಲ್ಲೇ ಉಳಿಯುತ್ತದೆ. ಆಟೋಕ್ಯಾಡ್ ಈ ವಿಷಯದಲ್ಲಿ ಉದಾರಿ: ಹಳೆಯ ಡಿಡಬ್ಲ್ಯುಜಿ (ಆಟೋಕ್ಯಾಡ್‌ನ ಫೈಲ್) ರೂಪಕ್ಕೆ ಉಳಿಸಲು ಬಿಡುತ್ತದೆ.

## ಹಂತ 2: ಈ ಸೆಮಿಸ್ಟರ್‌ಗೆ ಬೇಕಾದದ್ದನ್ನು ಮಾತ್ರ ಆರಿಸಿ

ಹಿರಿಯ ವಿದ್ಯಾರ್ಥಿಗಳ ಪಟ್ಟಿ ನೋಡಿ ಹತ್ತು ತಂತ್ರಾಂಶ ತುಂಬಿಕೊಳ್ಳಬೇಡಿ. ಒಂದು ಎರಡು ಆಯಾಮದ ನಕ್ಷೆಗೆ, ಒಂದು ಮೂರು ಆಯಾಮದ ಮಾಡೆಲ್‌ಗೆ, ಒಂದು ಶೀಟ್ ಜೋಡಣೆಗೆ. ಮೊದಲ ಎರಡು ವರ್ಷಕ್ಕೆ ಇಷ್ಟು ಸಾಕು. ರೆಂಡರಿಂಗ್, ಅಂದರೆ ಮಾಡೆಲ್‌ನಿಂದ ನೈಜವೆನಿಸುವ ಚಿತ್ರ ತೆಗೆಯುವುದು, ಮೂರನೆಯ ವರ್ಷಕ್ಕೆ ಬಂದರೂ ತಡವಲ್ಲ. ಮೊದಲ ವರ್ಷದಲ್ಲಿ ಕೈಯಿಂದ ಡ್ರಾಫ್ಟ್ ಮಾಡಿಸುವ ಕಾಲೇಜುಗಳು ಬಹಳಿವೆ. ಅಲ್ಲಿ ಮೊದಲ ಸೆಮಿಸ್ಟರ್‌ನಲ್ಲೇ ರೆವಿಟ್ ಲೈಸೆನ್ಸ್ ಪಡೆಯುವುದರಿಂದ ಏನೂ ಸಾಧಿಸಿದಂತಾಗುವುದಿಲ್ಲ.

ನನ್ನ ಸಲಹೆ ಇನ್ನೊಂದಿದೆ: ಆರಿಸಿದ ಮೂರರಲ್ಲಿ ಒಂದಾದರೂ ಸಂಪೂರ್ಣ ಮುಕ್ತ ತಂತ್ರಾಂಶವಾಗಿರಲಿ. ವಿದ್ಯಾರ್ಥಿ ಲೈಸೆನ್ಸ್ ಎರವಲು ಸಿಕ್ಕ ಕೊಡೆಯಂತೆ, ಕೊಟ್ಟವರು ಕೇಳಿದ ದಿನ ಹಿಂತಿರುಗಿಸಬೇಕು. ಕಾರಣ ಹಂತ 10ರಲ್ಲಿ ತಿಳಿಯುತ್ತದೆ.

## ಹಂತ 3: ದಾಖಲೆ ಸಿದ್ಧಪಡಿಸಿ, ಖಾತೆ ಆಮೇಲೆ

ದೃಢೀಕರಣದಲ್ಲಿ ಸೋಲುವವರಲ್ಲಿ ಹೆಚ್ಚಿನವರು ಇಲ್ಲಿಯೇ ಸೋತಿರುತ್ತಾರೆ. ಒಂದು ದಾಖಲೆಯಲ್ಲಿ ಮೂರು ಸಂಗತಿ ಒಟ್ಟಿಗೆ ಕಾಣಬೇಕು: ನಿಮ್ಮ ಪೂರ್ಣ ಹೆಸರು, ಕಾಲೇಜಿನ ಹೆಸರು, ಈ ಶೈಕ್ಷಣಿಕ ವರ್ಷಕ್ಕೆ ಸೇರಿದ ದಿನಾಂಕ.

ಹೆಸರಿನ ತೊಡಕು ನಮ್ಮ ಕಡೆ ಹೆಚ್ಚು. ಗುರುತಿನ ಚೀಟಿಯಲ್ಲಿ ‘ಮಂಜುನಾಥ ಎಸ್’ ಎಂದಿರುತ್ತದೆ, ಆಧಾರ್‌ನಲ್ಲಿ ತಂದೆಯ ಹೆಸರು ಬಿಡಿಸಿ ಬರೆದಿರುತ್ತದೆ, ಇಮೇಲ್‌ನಲ್ಲಿ ಊರಿನ ಹೆಸರು ಸೇರಿರುತ್ತದೆ. ಅರ್ಜಿಯಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಖಾನೆ ಬಂದಾಗ ಕಾಲೇಜಿನ ದಾಖಲೆಯಲ್ಲಿ ಇರುವುದನ್ನೇ ಯಥಾವತ್ತು ತುಂಬಿ. ಚೀಟಿಯಲ್ಲಿ ಇನಿಷಿಯಲ್ ಇದ್ದರೆ ಕೊನೆಯ ಹೆಸರಿನ ಖಾನೆಗೂ ಇನಿಷಿಯಲ್ ಸಾಕು. ಬಿಡಿಸಿ ಬರೆಯಬೇಡಿ.

ದಿನಾಂಕದ್ದು ಎರಡನೆಯ ತೊಡಕು. ‘2023–2028’ ಎಂದು ಬ್ಯಾಚ್ ಮಾತ್ರ ಮುದ್ರಿಸಿದ ಚೀಟಿ ಕೆಲವೊಮ್ಮೆ ಒಪ್ಪಿಗೆಯಾಗುತ್ತದೆ, ಕೆಲವೊಮ್ಮೆ ಇಲ್ಲ. ಸೇರಿದ ವರ್ಷ ಮಾತ್ರ ಇದ್ದರೆ ಅದನ್ನು ನಂಬಬೇಡಿ. ದಿನಾಂಕವಿರುವ ಶುಲ್ಕ ರಸೀದಿ ಇದಕ್ಕಿಂತ ಬಲವಾದ ದಾಖಲೆ. ರಸೀದಿಯಲ್ಲಿ ಯುಎಸ್‌ಎನ್ (ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ) ಮಾತ್ರ ಇದ್ದು ಹೆಸರು ಅರ್ಧಕ್ಕೆ ಕತ್ತರಿಸಿದ್ದರೆ ಕಚೇರಿಯಿಂದ ವ್ಯಾಸಂಗ ಪ್ರಮಾಣಪತ್ರ ಪಡೆಯಿರಿ. ಅದು ಕಾಲೇಜಿನ ಲೆಟರ್‌ಹೆಡ್‌ನಲ್ಲಿ, ಇಂಗ್ಲಿಷಿನಲ್ಲಿ, ಟೈಪ್ ಆಗಿ, ಮೊಹರು ಮತ್ತು ಸಹಿಯೊಂದಿಗೆ ಇರಲಿ. ಅದರಲ್ಲಿ ನಿಮ್ಮ ಹೆಸರು, ಯುಎಸ್‌ಎನ್, ಕೋರ್ಸ್, ಈಗಿನ ಸೆಮಿಸ್ಟರ್, ಶೈಕ್ಷಣಿಕ ವರ್ಷ, ಕೊಟ್ಟ ದಿನಾಂಕ ಐದಾರು ಸಾಲಿನಲ್ಲಿ ಬಂದರೆ ಮುಗಿಯಿತು. ಕಚೇರಿಯವರು ಕೆಲವು ದಿನ ತೆಗೆದುಕೊಳ್ಳುತ್ತಾರೆ, ಆದ್ದರಿಂದ ಸೆಮಿಸ್ಟರ್ ಶುರುವಾದ ವಾರವೇ ಕೇಳಿ.

ಮೂರನೆಯದು ಫೋಟೋ. ಚೀಟಿಯ ನಾಲ್ಕೂ ಮೂಲೆ ಕಾಣುವಂತೆ, ನೆರಳು ಬೀಳದಂತೆ, ಬೆಳಕಿನಲ್ಲಿ ತೆಗೆಯಿರಿ. ಅವಧಿ ಹಿಂಬದಿಯಲ್ಲಿದ್ದರೆ ಎರಡೂ ಬದಿ ಒಂದೇ ಪಿಡಿಎಫ್‌ನಲ್ಲಿ ಇರಲಿ. ಚಿತ್ರವನ್ನು ತಿದ್ದಬೇಡಿ. ಆಧಾರ್ ಕಾರ್ಡ್ ಹಾಕಬೇಡಿ: ಅದು ನೀವು ಯಾರೆಂದು ಹೇಳುತ್ತದೆ, ಎಲ್ಲಿ ಓದುತ್ತೀರಿ ಎಂದು ಹೇಳುವುದಿಲ್ಲ.

## ಹಂತ 4: ಆಟೋಡೆಸ್ಕ್ ಶಿಕ್ಷಣ ಖಾತೆ

ಆಟೋಕ್ಯಾಡ್, ರೆವಿಟ್, ತ್ರೀಡಿಎಸ್ ಮ್ಯಾಕ್ಸ್ ಮೂರೂ ಒಂದೇ ಖಾತೆಯಲ್ಲಿ ಉಚಿತವಾಗಿ ಸಿಗುತ್ತವೆ. ಒಂದು ವರ್ಷದ ಅವಧಿ, ವಿದ್ಯಾರ್ಥಿಯಾಗಿರುವವರೆಗೆ ವರ್ಷವರ್ಷವೂ ನವೀಕರಿಸಬಹುದು.

ಖಾತೆಯನ್ನು ಕಂಪನಿಯ ಅಧಿಕೃತ ಜಾಲತಾಣದ ಶಿಕ್ಷಣ ವಿಭಾಗದಲ್ಲಿಯೇ ತೆರೆಯಿರಿ. ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಕೊಂಡಿಗಳನ್ನು ಒತ್ತಬೇಡಿ. ದೇಶ ಭಾರತ, ಪಾತ್ರ ವಿದ್ಯಾರ್ಥಿ, ಸಂಸ್ಥೆಯ ಬಗೆ ವಿಶ್ವವಿದ್ಯಾಲಯ ಅಥವಾ ಕಾಲೇಜು ಮಟ್ಟದ್ದು ಎಂದು ಆರಿಸಿ. ಅವಸರದಲ್ಲಿ ಪ್ರೌಢಶಾಲೆ ಎಂದು ಒತ್ತಿದರೆ ಮುಂದೆ ನಿಮ್ಮ ಕಾಲೇಜು ಪಟ್ಟಿಯಲ್ಲಿ ಕಾಣುವುದಿಲ್ಲ. ಪದವಿ ಮುಗಿಯುವ ವರ್ಷವನ್ನು ಬಿ.ಆರ್ಕ್.ನ ಐದು ವರ್ಷಕ್ಕೆ ಸರಿಯಾಗಿ ಲೆಕ್ಕ ಹಾಕಿ ಕೊಡಿ.

ಸಂಸ್ಥೆಯ ಹೆಸರು ಆರಿಸುವಾಗ ನಿಧಾನಿಸಿ. ಎಂಜಿನಿಯರಿಂಗ್ ಕಾಲೇಜಿನ ಒಳಗೇ ಇರುವ ಆರ್ಕಿಟೆಕ್ಚರ್ ವಿಭಾಗಗಳು ನಮ್ಮಲ್ಲಿ ಅನೇಕ. ವಿದ್ಯಾರ್ಥಿ ವಿಭಾಗದ ಹೆಸರು ಹುಡುಕುತ್ತಾರೆ, ರಸೀದಿಯಲ್ಲಿ ಮಾತೃಸಂಸ್ಥೆಯ ಹೆಸರು ಇರುತ್ತದೆ, ಎರಡೂ ತಾಳೆಯಾಗದೆ ಅರ್ಜಿ ಬಿದ್ದುಹೋಗುತ್ತದೆ. ದಾಖಲೆಯ ತಲೆಬರಹದಲ್ಲಿ ಏನಿದೆಯೋ ಅದನ್ನೇ ಆರಿಸಿ. ವಿಶ್ವವಿದ್ಯಾಲಯದ ಹೆಸರನ್ನು ಕಾಲೇಜಿನ ಜಾಗದಲ್ಲಿ ಹಾಕಬೇಡಿ.

ದಾಖಲೆ ಹಾಕಿದ ಮೇಲೆ ಫಲಿತಾಂಶ ಇಮೇಲ್‌ಗೆ ಬರುತ್ತದೆ, ಸ್ಪ್ಯಾಮ್ ಪೆಟ್ಟಿಗೆಯನ್ನೂ ನೋಡುತ್ತಿರಿ. ತಿರಸ್ಕಾರವಾದರೆ ಅದೇ ದಾಖಲೆಯನ್ನು ಮತ್ತೆ ಮತ್ತೆ ಹಾಕಬೇಡಿ, ಪ್ರಯತ್ನಗಳಿಗೆ ಮಿತಿಯಿದೆ. ಹೆಸರು, ಸಂಸ್ಥೆ, ದಿನಾಂಕ ಮೂರರಲ್ಲಿ ತಪ್ಪಿದ್ದು ಯಾವುದು ಎಂದು ಗುರುತಿಸಿ, ಬೇರೆ ದಾಖಲೆ ಹಾಕಿ. ಹೊಸ ಹೊಸ ಇಮೇಲ್‌ನಿಂದ ಎರಡನೆಯ, ಮೂರನೆಯ ಖಾತೆ ತೆರೆಯುವುದು ಸಾಮಾನ್ಯವಾಗಿ ಕಾಣುವ ತಪ್ಪು. ಇದರಿಂದ ಯಾವ ಖಾತೆಯಲ್ಲಿ ಯಾವ ಲೈಸೆನ್ಸ್ ಇದೆ ಎಂಬುದೇ ಗೋಜಲಾಗುತ್ತದೆ.

ಯಾವ ತಿಂಗಳಲ್ಲಿ ಶುರು ಮಾಡುತ್ತೀರಿ ಎಂಬುದೂ ಮುಖ್ಯ. ಡಿಸೆಂಬರ್‌ನ ಜ್ಯೂರಿ ವಾರದಲ್ಲಿ ಲೈಸೆನ್ಸ್ ಪಡೆದವರಿಗೆ ಅದು ಮುಂದಿನ ವರ್ಷದ ಜ್ಯೂರಿ ವಾರದಲ್ಲಿಯೇ ಮುಗಿಯುತ್ತದೆ. ಸೆಮಿಸ್ಟರ್ ಆರಂಭದ ಬಿಡುವಿನ ದಿನಗಳಲ್ಲಿ ಪಡೆಯಿರಿ. ಮುಗಿಯುವ ದಿನಾಂಕಕ್ಕೆ ಒಂದು ತಿಂಗಳ ಮೊದಲು ಮೊಬೈಲ್ ಕ್ಯಾಲೆಂಡರ್‌ನಲ್ಲಿ ನೆನಪಿನ ಗಂಟೆ ಇಟ್ಟುಕೊಳ್ಳಿ, ಆ ವರ್ಷದ ರಸೀದಿಯನ್ನು ಆಗಲೇ ಸ್ಕ್ಯಾನ್ ಮಾಡಿಡಿ.

## ಹಂತ 5: ಇನ್‌ಸ್ಟಾಲ್ ಮತ್ತು ಪರೀಕ್ಷೆ

1. ಹಳೆಯ ಕ್ರ್ಯಾಕ್ ಆವೃತ್ತಿ ಇದ್ದರೆ ಪೂರ್ತಿ ತೆಗೆಯಿರಿ. ಅದು ಬಿಟ್ಟುಹೋದ ಲೈಸೆನ್ಸ್ ಫೈಲುಗಳು ಅಸಲಿ ಆವೃತ್ತಿಯನ್ನು ತೆರೆಯಲು ಬಿಡದೆ ಕಾಡುತ್ತವೆ. ಸುರಕ್ಷಿತ ದಾರಿ ವಿಂಡೋಸ್ ಅನ್ನೇ ಹೊಸದಾಗಿ ಹಾಕುವುದು.

2. ಡೌನ್‌ಲೋಡ್ ಪುಟದಲ್ಲಿ ಆವೃತ್ತಿಯ ವರ್ಷ ಆರಿಸುವ ಅವಕಾಶ ಇರುತ್ತದೆ. ಹಂತ 1ರಲ್ಲಿ ಬರೆದುಕೊಂಡ ಲ್ಯಾಬ್‌ನ ವರ್ಷ ಅಲ್ಲಿದ್ದರೆ ಅದನ್ನೇ ಆರಿಸಿ. ಹೊಸದೇ ಬೇಕೆಂಬ ಆಸೆ ಇಲ್ಲಿ ಕೆಲಸ ಕೆಡಿಸುತ್ತದೆ.

3. ಇನ್‌ಸ್ಟಾಲ್ ಮುಗಿದ ಮೇಲೆ ದೃಢೀಕರಣವಾದ ಅದೇ ಇಮೇಲ್‌ನಿಂದ ಒಳಹೋಗಿ. ‘ಪ್ರಾಯೋಗಿಕ ಆವೃತ್ತಿ, ಇಷ್ಟು ದಿನ ಬಾಕಿ’ ಎಂದು ತೋರಿಸಿದರೆ ಬೇರೆ ಖಾತೆಯಲ್ಲಿದ್ದೀರಿ ಎಂದರ್ಥ. ಹೊರಬಂದು ಸರಿಯಾದ ಖಾತೆಯಲ್ಲಿ ಹೋಗಿ.

4. ಒಂದು ಸಣ್ಣ ಫೈಲ್ ಮಾಡಿ, ಪಿಡಿಎಫ್ ತೆಗೆಯಿರಿ, ಪೆನ್‌ಡ್ರೈವ್‌ನಲ್ಲಿ ಲ್ಯಾಬ್‌ಗೆ ಒಯ್ದು ತೆರೆಯಿರಿ. ನಾಲ್ಕು ಗೋಡೆಯ ಒಂದು ಕೋಣೆ ಸಾಕು. ಈ ಪರೀಕ್ಷೆ ಆಗದೆ ಸ್ಟುಡಿಯೋ ಪ್ರಾಜೆಕ್ಟ್ ಶುರು ಮಾಡಬೇಡಿ.

ಈ ಲೈಸೆನ್ಸ್ ಅಂತರ್ಜಾಲದ ಮೂಲಕ ತನ್ನನ್ನು ಆಗಾಗ ಖಚಿತಪಡಿಸಿಕೊಳ್ಳುತ್ತದೆ. 30 ದಿನಕ್ಕೆ ಒಮ್ಮೆಯಾದರೂ ಸಂಪರ್ಕ ಸಿಗಬೇಕು. ರಜೆಯಲ್ಲಿ ನೆಟ್‌ವರ್ಕ್ ಇಲ್ಲದ ಊರಿಗೆ ಹೋಗುವವರು, ಮಲೆನಾಡಿನ ಕೆಲವು ಮೂಲೆಗಳ ವಿದ್ಯಾರ್ಥಿಗಳು ಮುಖ್ಯವಾಗಿ, ಹೊರಡುವ ದಿನ ಒಮ್ಮೆ ತೆರೆದು ನೋಡಿಕೊಳ್ಳಿ.

## ಹಂತ 6: ಆರ್ಕಿಕ್ಯಾಡ್, ರೈನೋ, ಸ್ಕೆಚ್‌ಅಪ್

ಆರ್ಕಿಕ್ಯಾಡ್ ತಯಾರಕರು ವಿದ್ಯಾರ್ಥಿಗಳಿಗೆ ಶಿಕ್ಷಣ ಆವೃತ್ತಿಯನ್ನು ಉಚಿತವಾಗಿ ಕೊಡುತ್ತಾರೆ. ಮುದ್ರಣದಲ್ಲಿ ಶಿಕ್ಷಣ ಆವೃತ್ತಿ ಎಂಬ ಗುರುತು ಬರುತ್ತದೆ. ನಿಮ್ಮ ಸ್ಟುಡಿಯೋ ಅಧ್ಯಾಪಕರಿಗೆ ಇದನ್ನು ಮೊದಲೇ ತಿಳಿಸಿ. ಮ್ಯಾಕ್ ಇರುವವರಿಗೆ ಬಿಮ್ (ಗೋಡೆ, ಬಾಗಿಲುಗಳ ಮಾಹಿತಿಯೂ ಸೇರಿದ ಕಟ್ಟಡದ ಮಾಡೆಲ್) ಕಲಿಯಲು ಇದೇ ನೇರ ದಾರಿ.

ರೈನೋದ ಲೆಕ್ಕಾಚಾರ ಬೇರೆ. 90 ದಿನಗಳ ಪ್ರಾಯೋಗಿಕ ಆವೃತ್ತಿಯಲ್ಲಿ ಎಲ್ಲ ಸೌಲಭ್ಯವೂ ಇರುತ್ತದೆ. ಅವಧಿ ಮುಗಿದ ಮೇಲೆ ಫೈಲ್ ತೆರೆದು ನೋಡಬಹುದು, ಉಳಿಸಲಾಗದು. ಸುಮ್ಮನೆ ಕುತೂಹಲಕ್ಕೆ ಹಾಕಿಕೊಂಡು ಆ ದಿನಗಳನ್ನು ಕಳೆದುಕೊಳ್ಳಬೇಡಿ. ವಕ್ರ ಮೇಲ್ಮೈಗಳ ಪ್ರಾಜೆಕ್ಟ್ ಅಥವಾ ಗ್ರಾಸ್‌ಹಾಪರ್ (ಸೂತ್ರಗಳಿಂದ ಆಕಾರ ಮೂಡಿಸುವ ಸಾಧನ) ಕಲಿಯುವ ಸೆಮಿಸ್ಟರ್ ಬಂದಾಗ ಶುರು ಮಾಡಿದರೆ ಆ ಸೆಮಿಸ್ಟರ್‌ನ ವಿನ್ಯಾಸದ ಹೆಚ್ಚಿನ ಭಾಗ ಇದರಲ್ಲೇ ಮುಗಿಯುತ್ತದೆ. ಗ್ರಾಸ್‌ಹಾಪರ್‌ಗೆ ಬೇರೆ ಹಣವಿಲ್ಲ, ರೈನೋದೊಳಗೇ ಇದೆ.

ರೈನೋದ ವಿದ್ಯಾರ್ಥಿ ಲೈಸೆನ್ಸ್‌ಗೆ ಹಣ ಕೊಡಬೇಕು, ಸಾಮಾನ್ಯ ದರದ ಐದನೇ ಒಂದು ಭಾಗದ ಆಸುಪಾಸು. ಒಮ್ಮೆ ಕೊಟ್ಟರೆ ಆ ಆವೃತ್ತಿಗೆ ಅವಧಿ ಮುಗಿಯುವುದೇ ಇಲ್ಲ. ಹಣ ಕೊಟ್ಟು ಕೊಳ್ಳುವುದೇ ಆದರೆ ನಾನು ಮೊದಲು ಹೇಳುವುದು ಇದನ್ನು. ಪದವಿ ಮುಗಿಯುವ ಮೊದಲು, ವಿದ್ಯಾರ್ಥಿ ಎಂಬ ದಾಖಲೆ ಕೈಯಲ್ಲಿರುವಾಗಲೇ ಕೊಳ್ಳಿ.

ಸ್ಕೆಚ್‌ಅಪ್‌ನ ಉಚಿತ ಆವೃತ್ತಿ ಬ್ರೌಸರ್‌ನಲ್ಲಿ ನಡೆಯುತ್ತದೆ, ಸ್ವಂತ ಬಳಕೆಗೆ ಮಾತ್ರ. ಅದಕ್ಕೆ ಡಿಡಬ್ಲ್ಯುಜಿ ತರಲಾಗುವುದಿಲ್ಲ, ಎಕ್ಸ್‌ಟೆನ್ಷನ್ ಸೇರಿಸಲಾಗುವುದಿಲ್ಲ. ಪ್ಲಾನ್‌ನ ಚಿತ್ರವನ್ನು ತಂದು, ಗೊತ್ತಿರುವ ಒಂದು ಅಳತೆಗೆ ಹಿಗ್ಗಿಸಿ, ಅದರ ಮೇಲೆ ಗೆರೆ ಎಳೆಯುವುದು ಪರ್ಯಾಯ. ಮಾಸಿಂಗ್ (ಕಟ್ಟಡದ ಒಟ್ಟು ಆಕಾರದ) ಅಧ್ಯಯನಕ್ಕೆ ಇಷ್ಟು ಸಾಕು. ಪೂರ್ಣ ಆವೃತ್ತಿಗೆ ವಾರ್ಷಿಕ ವಿದ್ಯಾರ್ಥಿ ದರವಿದೆ.

ವಿದೇಶಿ ಕಂಪನಿಗೆ ಕಾರ್ಡ್‌ನಿಂದ ಹಣ ಕಟ್ಟುವಾಗ ಮೂರು ಕಡೆ ಗಮನವಿರಲಿ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡ್‌ಗಳಲ್ಲಿ ಅಂತರರಾಷ್ಟ್ರೀಯ ವಹಿವಾಟು ಮೊದಲಿಗೆ ಮುಚ್ಚಿರುತ್ತದೆ, ಬ್ಯಾಂಕ್ ಆ್ಯಪ್‌ನಲ್ಲಿ ನೀವೇ ತೆರೆಯಬೇಕು. ತೋರಿಸಿದ ದರದ ಮೇಲೆ 18 ಶೇಕಡಾ ಜಿಎಸ್‌ಟಿ ಸೇರಿದೆಯೇ ಎಂದು ಕೊನೆಯ ಪುಟದಲ್ಲಿ ನೋಡಿ. ತಾನಾಗಿ ನವೀಕರಣವಾಗುವ ಗುರುತನ್ನು ಹಣ ಕಟ್ಟಿದ ದಿನವೇ ತೆಗೆದುಬಿಡಿ.

## ಹಂತ 7: ರೆಂಡರಿಂಗ್

ಟ್ವಿನ್‌ಮೋಷನ್ ವಿದ್ಯಾರ್ಥಿಗಳಿಗೆ ಉಚಿತ. ವರ್ಷಕ್ಕೆ ಹತ್ತು ಲಕ್ಷ ಡಾಲರ್‌ಗಿಂತ ಕಡಿಮೆ ಆದಾಯವಿರುವವರಿಗೂ ಉಚಿತವಾದ್ದರಿಂದ ಪದವಿಯ ನಂತರವೂ ಕೈಬಿಡುವುದಿಲ್ಲ. ರೆವಿಟ್, ಆರ್ಕಿಕ್ಯಾಡ್, ರೈನೋ, ಸ್ಕೆಚ್‌ಅಪ್‌ಗಳಿಂದ ಮಾಡೆಲ್ ನೇರವಾಗಿ ಅದಕ್ಕೆ ಹೋಗುತ್ತದೆ. ಲ್ಯೂಮಿಯನ್‌ಗೂ ವಿದ್ಯಾರ್ಥಿ ಲೈಸೆನ್ಸ್ ಇದೆ. ಎರಡಕ್ಕೂ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ಕಾರ್ಡ್ ಇಲ್ಲದವರು ಬ್ಲೆಂಡರ್ ಬಳಸಿ: ಅದರ ಸೈಕಲ್ಸ್ ಎಂಜಿನ್ ಪ್ರೊಸೆಸರ್‌ನಲ್ಲೇ ನಡೆಯುತ್ತದೆ, ನಿಧಾನವಷ್ಟೇ. ರಾತ್ರಿ ಬಿಟ್ಟು ಮಲಗಿದರೆ ಬೆಳಗ್ಗೆ ಮೂರು ನಾಲ್ಕು ನೋಟಗಳು ಸಿದ್ಧವಿರುತ್ತವೆ. ಲೋಡ್‌ಶೆಡ್ಡಿಂಗ್ ಇರುವ ಊರಾದರೆ ಒಂದೊಂದು ಚಿತ್ರವೂ ಮುಗಿದ ಕೂಡಲೇ ಉಳಿಯುವಂತೆ ಹೊಂದಿಸಿ.

## ಹಂತ 8: ಶೀಟ್ ಜೋಡಣೆ ಮತ್ತು ಮಾಸಿಕ ಕಂತಿನ ಬಲೆ

ಅಡೋಬಿಯ ವಿದ್ಯಾರ್ಥಿ ದರ ನೋಡಲು ಚಿಕ್ಕದು. ತಿಂಗಳಿಗೆ ಇಷ್ಟು ಎಂದು ಕಾಣುವ ಆ ಯೋಜನೆ ವಾಸ್ತವವಾಗಿ ಒಂದು ವರ್ಷದ ಒಪ್ಪಂದ, ಹಣ ಮಾತ್ರ ತಿಂಗಳಿಗೊಮ್ಮೆ. ಥೀಸಿಸ್‌ನ ಒಂದು ತಿಂಗಳಿಗೆ ಪಡೆದು ಬಿಡೋಣ ಎಂದುಕೊಂಡವರು 14 ದಿನಗಳ ನಂತರ ರದ್ದು ಮಾಡಲು ಹೋದರೆ ಉಳಿದ ತಿಂಗಳುಗಳ ಮೊತ್ತದ ಅರ್ಧವನ್ನು ಕಟ್ಟಬೇಕಾಗುತ್ತದೆ. ಮೊದಲ ವರ್ಷದ ರಿಯಾಯಿತಿ ಮುಗಿದ ಮೇಲೆ ದರವೂ ಏರುತ್ತದೆ. ಒಪ್ಪಂದದ ಸಾಲುಗಳನ್ನು ಓದದೆ ಕಾರ್ಡ್ ಸಂಖ್ಯೆ ಕೊಡಬೇಡಿ.

ಶೀಟ್‌ಗೆ ಉಚಿತವಾಗಿ ಸಿಗುವುದರಲ್ಲಿಯೇ ಚೆನ್ನಾದ ಜೋಡಿ ಇದೆ: ಡಯಾಗ್ರಾಂ ಮತ್ತು ರೇಖಾಚಿತ್ರಕ್ಕೆ ಇಂಕ್‌ಸ್ಕೇಪ್, ಫೋಟೋ ತಿದ್ದಲು ಗಿಂಪ್ ಅಥವಾ ಬ್ರೌಸರ್‌ನಲ್ಲೇ ನಡೆಯುವ ಫೋಟೋಪಿಯಾ, ಪುಟವಿನ್ಯಾಸಕ್ಕೆ ಸ್ಕ್ರೈಬಸ್. 2025ರ ಅಕ್ಟೋಬರ್‌ನಿಂದ ಅಫಿನಿಟಿಯೂ ಉಚಿತವಾಗಿದೆ, ಕ್ಯಾನ್ವಾ ಖಾತೆಯೊಂದು ಬೇಕು.

ಕನ್ನಡದಲ್ಲಿ ಶೀರ್ಷಿಕೆ ಹಾಕುವವರಿಗೆ ಒಂದು ಮಾತು. ಒತ್ತಕ್ಷರಗಳು ಬಿಡಿಬಿಡಿಯಾಗಿ, ಅರ್ಕಾವತ್ತು ತಪ್ಪು ಜಾಗದಲ್ಲಿ ಮುದ್ರಣವಾದ ಶೀಟ್‌ಗಳು ಜ್ಯೂರಿಯಲ್ಲಿ ತೂಗುವುದನ್ನು ನೋಡಿದರೆ ಸಂಕಟವಾಗುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಯುನಿಕೋಡ್ ಫಾಂಟ್‌ನಿಂದ ಬರೆದರೆ ಒತ್ತುಗಳು ಸರಿಯಾಗಿ ಕೂರುತ್ತವೆ. ಆಮೇಲೆ ಪಠ್ಯವನ್ನು ಪಾಥ್‌ಗೆ (ಗೆರೆಯ ಆಕಾರಕ್ಕೆ) ಬದಲಿಸಿ, ಪ್ಲಾಟಿಂಗ್ (ದೊಡ್ಡ ಹಾಳೆ ಮುದ್ರಿಸುವ) ಅಂಗಡಿಯಲ್ಲಿ ಆ ಫಾಂಟ್ ಇಲ್ಲದಿದ್ದರೂ ಕೆಡುವುದಿಲ್ಲ. ಇನ್‌ಡಿಸೈನ್ ಬಳಸುವವರು ಪ್ಯಾರಾಗ್ರಾಫ್ ಕಂಪೋಸರ್ ಅನ್ನು ವರ್ಲ್ಡ್-ರೆಡಿ ಎಂದು ಬದಲಿಸಬೇಕು, ಇಲ್ಲದಿದ್ದರೆ ಅಕ್ಷರಗಳು ಒಡೆಯುತ್ತವೆ.

## ಹಂತ 9: ದೃಢೀಕರಣ ಸಿಗದೇ ಹೋದರೆ, ಮುಕ್ತ ತಂತ್ರಾಂಶದ ದಾರಿ

ಕಾಲೇಜು ಪಟ್ಟಿಯಲ್ಲಿಲ್ಲ, ದಾಖಲೆ ತಡವಾಗುತ್ತಿದೆ, ಲ್ಯಾಪ್‌ಟಾಪ್ ಹಳೆಯದು ಎನ್ನುವವರಿಗೆ ಇದು ಮೊದಲ ದಿನದಿಂದಲೇ ಸಿಗುವ ದಾರಿ. ಖಾತೆ ಬೇಡ, ಅವಧಿ ಇಲ್ಲ, ಹಣ ಪಡೆದು ಮಾಡುವ ಕೆಲಸಕ್ಕೂ ಬಳಸಬಹುದು.

ಎರಡು ಆಯಾಮದ ನಕ್ಷೆಗೆ ಲಿಬ್ರೆಕ್ಯಾಡ್. ಅದರ ಸಹಜ ರೂಪ ಡಿಎಕ್ಸ್‌ಎಫ್, ಬೇರೆ ಬೇರೆ ತಂತ್ರಾಂಶಗಳು ಓದುವ ನಕ್ಷೆಯ ಫೈಲ್. ಆಟೋಕ್ಯಾಡ್ ಬಳಸುವ ಗೆಳೆಯರಿಂದ ಡಿಎಕ್ಸ್‌ಎಫ್ ಆಗಿಯೇ ಪಡೆಯಿರಿ. ಮೂರು ಆಯಾಮಕ್ಕೆ ಬ್ಲೆಂಡರ್, ಬಿಮ್‌ಗೆ ಬ್ಲೆಂಡರ್‌ನೊಳಗೆ ಸೇರಿಸುವ ಬೋನ್ಸಾಯ್. ಇದು ಐಎಫ್‌ಸಿ (ಬಿಮ್ ಮಾಡೆಲ್‌ಗಳನ್ನು ತಂತ್ರಾಂಶಗಳ ನಡುವೆ ಒಯ್ಯುವ ಮುಕ್ತ ರೂಪ) ಫೈಲ್‌ನ ಮೇಲೆಯೇ ನೇರವಾಗಿ ಕೆಲಸ ಮಾಡುತ್ತದೆ. ಫ್ರೀಕ್ಯಾಡ್‌ನ 1.0 ಆವೃತ್ತಿ 2024ರ ನವೆಂಬರ್‌ನಲ್ಲಿ ಬಂದಿದೆ. ಅದರಲ್ಲಿ ಡಿಡಬ್ಲ್ಯುಜಿ ತೆರೆಯಲು ಒಡಿಎ ಫೈಲ್ ಕನ್ವರ್ಟರ್ ಎಂಬ ಉಚಿತ ಪರಿವರ್ತಕವನ್ನು ಜೊತೆಗೆ ಹಾಕಬೇಕು.

ಸೈಟ್ ಅಧ್ಯಯನಕ್ಕೆ ಕ್ಯುಜಿಐಎಸ್ ಎಂಬ ಭೂಪಟ ತಂತ್ರಾಂಶಕ್ಕೆ ಸಾಟಿಯಿಲ್ಲ, ಹಣ ಕೊಟ್ಟು ಕೊಳ್ಳುವವುಗಳನ್ನೂ ಸೇರಿಸಿ ಹೇಳುತ್ತಿದ್ದೇನೆ. ಉಚಿತವಾಗಿ ಸಿಗುವ ಎಸ್‌ಆರ್‌ಟಿಎಂ ಎತ್ತರದ ದತ್ತಾಂಶದಿಂದ ಕಾಂಟೂರ್ (ಸಮ ಎತ್ತರದ ಗೆರೆ) ತೆಗೆದು ಡಿಎಕ್ಸ್‌ಎಫ್ ಆಗಿ ಹೊರತೆಗೆಯಬಹುದು. ಹೆಚ್ಚಿನವರು ತಪ್ಪುವುದು ನಿರ್ದೇಶಾಂಕ ವ್ಯವಸ್ಥೆಯಲ್ಲಿ. ಅಕ್ಷಾಂಶ-ರೇಖಾಂಶದಲ್ಲೇ ಹೊರತೆಗೆದರೆ ಇಡೀ ಊರು ಆಟೋಕ್ಯಾಡ್‌ನಲ್ಲಿ ಒಂದು ಚುಕ್ಕೆಯಾಗಿ ಬರುತ್ತದೆ. ಮೊದಲು ಯುಟಿಎಂಗೆ (ಮೀಟರ್‌ನಲ್ಲಿ ಅಳೆಯುವ ನಿರ್ದೇಶಾಂಕ ವ್ಯವಸ್ಥೆಗೆ) ಬದಲಿಸಿ. ಕರ್ನಾಟಕದ ಬಹುಭಾಗ 43ನೇ ಉತ್ತರ ವಲಯದಲ್ಲಿದೆ. 78 ಡಿಗ್ರಿ ರೇಖಾಂಶದ ಪೂರ್ವಕ್ಕಿರುವ ಕೋಲಾರ, ಮುಳಬಾಗಿಲುಗಳು 44ಕ್ಕೆ ಸೇರುತ್ತವೆ. ಫೈಲ್ ಮೀಟರ್‌ನಲ್ಲಿ ಬರುತ್ತದೆ, ಮಿಲಿಮೀಟರ್‌ನಲ್ಲಿ ಕೆಲಸ ಮಾಡುವವರು 1000 ಪಟ್ಟು ಹಿಗ್ಗಿಸಬೇಕು. ಈ ದತ್ತಾಂಶದ ಒಂದೊಂದು ಚೌಕ ಸುಮಾರು 30 ಮೀಟರ್. ಬೆಟ್ಟದ ತಪ್ಪಲಿನ ಹತ್ತಾರು ಎಕರೆ ಕ್ಯಾಂಪಸ್‌ಗೆ ಸರಿ, ಮೂವತ್ತು-ನಲವತ್ತರ ನಿವೇಶನಕ್ಕೆ ಅಲ್ಲ. ಅಲ್ಲಿ ಸರ್ವೆ ಮಾಡಲೇಬೇಕು.

## ಅಪಾಯದ ಸೂಚನೆಗಳು

ಇವುಗಳಲ್ಲಿ ಒಂದು ಕಂಡರೂ ಅಲ್ಲಿಗೇ ನಿಲ್ಲಿಸಿ.

- ‘ಆ್ಯಂಟಿವೈರಸ್ ಆಫ್ ಮಾಡಿ’ ಎಂಬ ಸೂಚನೆ. ಕ್ರ್ಯಾಕ್‌ಗಳ ಜೊತೆಗೆ ಬರುವ ಮೊದಲ ಸಾಲೇ ಇದು. ಬಾಗಿಲು ತೆರೆದಿಟ್ಟ ಮೇಲೆ ಒಳಗೆ ಏನು ಬಂತು ಎಂದು ನಿಮಗೆ ತಿಳಿಯುವುದಿಲ್ಲ.
- ಕೆಲವೇ ನೂರು ರೂಪಾಯಿಗೆ ಆಟೋಕ್ಯಾಡ್‌ನ ‘ಲೈಫ್‌ಟೈಮ್ ಲೈಸೆನ್ಸ್’. ಆಟೋಡೆಸ್ಕ್ ಶಾಶ್ವತ ಲೈಸೆನ್ಸ್‌ಗಳ ಮಾರಾಟವನ್ನು 2016ರಲ್ಲೇ ನಿಲ್ಲಿಸಿದೆ. ಹೊಸದಾಗಿ ಮಾರುತ್ತಿದ್ದೇವೆ ಎನ್ನುವವರು ಮಾರುತ್ತಿರುವುದು ಬೇರೇನನ್ನೋ.
- ನಿಮ್ಮ ರಸೀದಿ ಅಥವಾ ಗುರುತಿನ ಚೀಟಿ ಕೊಟ್ಟರೆ ‘ನಾವೇ ಖಾತೆ ಮಾಡಿಕೊಡುತ್ತೇವೆ’ ಎನ್ನುವವರು. ಆ ದಾಖಲೆಯಿಂದ ಇನ್ನೆಷ್ಟು ಖಾತೆ ತೆರೆಯುತ್ತಾರೋ ಹೇಳಲಾಗದು.
- ಒಂದೇ ಖಾತೆಯ ಪಾಸ್‌ವರ್ಡ್ ಅನ್ನು ತರಗತಿಯೆಲ್ಲ ಹಂಚಿಕೊಳ್ಳುವುದು. ಖಾತೆ ಸ್ಥಗಿತವಾದರೆ ಎಲ್ಲರ ಕೆಲಸವೂ ಒಂದೇ ದಿನ ನಿಲ್ಲುತ್ತದೆ.

ಕಾನೂನನ್ನೂ ತಿಳಿದಿರಿ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ ನಕಲಿ ತಂತ್ರಾಂಶ ಎಂದು ತಿಳಿದೂ ಕಂಪ್ಯೂಟರ್‌ನಲ್ಲಿ ಬಳಸುವುದು ಅಪರಾಧ. ಏಳು ದಿನದಿಂದ ಮೂರು ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಎಂದು ಅದರಲ್ಲಿದೆ.

## ಹಂತ 10: ಪ್ರಾಯೋಗಿಕ ತರಬೇತಿ ಮತ್ತು ಪದವಿಯ ನಂತರ

ವಿದ್ಯಾರ್ಥಿ ಲೈಸೆನ್ಸ್ ಕಲಿಕೆಗೆ ಮಾತ್ರ. ತರಬೇತಿಗೆ ಸೇರಿದ ಕಚೇರಿಯ ಪ್ರಾಜೆಕ್ಟನ್ನು ನಿಮ್ಮ ಲ್ಯಾಪ್‌ಟಾಪ್‌ನ ವಿದ್ಯಾರ್ಥಿ ಆವೃತ್ತಿಯಲ್ಲಿ ಮಾಡುವುದು ಷರತ್ತಿನ ಉಲ್ಲಂಘನೆ. ಸಂದರ್ಶನದಲ್ಲೇ ಕೇಳಿ: ‘ಸರ್, ಕಚೇರಿಯ ಲೈಸೆನ್ಸ್ ಇರುವ ಕಂಪ್ಯೂಟರ್ ಕೊಡುತ್ತೀರಾ? ನನ್ನದು ವಿದ್ಯಾರ್ಥಿ ಆವೃತ್ತಿ, ಅದರಲ್ಲಿ ಕಚೇರಿಯ ಕೆಲಸ ಮಾಡುವಂತಿಲ್ಲ.’ ಇದನ್ನು ಕೇಳಲು ಸಂಕೋಚ ಬೇಡ. ಕಂಪನಿಗಳು ಕಚೇರಿಗಳ ಲೈಸೆನ್ಸ್ ಪರಿಶೀಲಿಸುತ್ತವೆ, ನಿಮ್ಮ ಒಂದು ಫೈಲ್‌ನಿಂದ ಅವರಿಗೂ ತೊಂದರೆಯಾಗಬಹುದು. ಆರ್ಕಿಕ್ಯಾಡ್‌ನ ಶಿಕ್ಷಣ ಆವೃತ್ತಿಯ ಫೈಲನ್ನು ಕಚೇರಿಯ ಕಂಪ್ಯೂಟರ್‌ನಲ್ಲಿ ತೆರೆಯಲೇಬೇಡಿ.

ಸಂಬಂಧಿಕರ ಮನೆಯ ಪ್ಲಾನ್‌ಗೆ ಹಣ ಪಡೆದರೂ ಅದು ವಾಣಿಜ್ಯ ಕೆಲಸವೇ. ಅಂಥದ್ದಕ್ಕೆ ಹಂತ 9ರ ತಂತ್ರಾಂಶ ಬಳಸಿ. ಹಂತ 2ರಲ್ಲಿ ಒಂದಾದರೂ ಮುಕ್ತ ತಂತ್ರಾಂಶ ಕಲಿಯಿರಿ ಎಂದದ್ದು ಇದಕ್ಕಾಗಿ. ಪದವಿ ಮುಗಿದು ಮೊದಲ ಸಂಬಳ ಬರುವವರೆಗಿನ ತಿಂಗಳುಗಳಲ್ಲಿ ಕೈ ಕಟ್ಟಿ ಕೂರಬೇಕಾಗುವುದಿಲ್ಲ.

ಕೊನೆಯ ಸೆಮಿಸ್ಟರ್‌ನಲ್ಲಿ, ಲೈಸೆನ್ಸ್ ಇನ್ನೂ ಜೀವಂತವಿರುವಾಗ, ಐದು ವರ್ಷದ ಕೆಲಸವನ್ನು ಎಲ್ಲೆಡೆ ತೆರೆಯುವ ರೂಪಗಳಿಗೆ ಬದಲಿಸಿ. ರೆವಿಟ್ ಫೈಲುಗಳನ್ನು ಮೊದಲು ಮಾಡಿ, ಏಕೆಂದರೆ ರೆವಿಟ್ ಇಲ್ಲದೆ ಅವನ್ನು ತೆರೆಯುವುದು ಬಹಳ ಕಷ್ಟ: ಐಎಫ್‌ಸಿ ಒಂದು, ಶೀಟ್‌ಗಳ ಪಿಡಿಎಫ್ ಒಂದು, ಪ್ಲಾನ್-ಸೆಕ್ಷನ್‌ಗಳ ಡಿಡಬ್ಲ್ಯುಜಿ ಒಂದು. ಡಿಡಬ್ಲ್ಯುಜಿ ಜೊತೆಗೆ ಡಿಎಕ್ಸ್‌ಎಫ್ ಪ್ರತಿ ಇರಲಿ. ಸ್ಕೆಚ್‌ಅಪ್, ರೈನೋ ಮಾಡೆಲ್‌ಗಳಿಂದ ಮುಖ್ಯ ನೋಟಗಳನ್ನು ದೊಡ್ಡ ಅಳತೆಯ ಚಿತ್ರಗಳಾಗಿ ತೆಗೆದಿಡಿ.

## ಜ್ಯೂರಿ ವಾರಕ್ಕೆ ಪ್ರತ್ಯೇಕ ಪಟ್ಟಿ

1. ವಾರದ ಮೊದಲ ದಿನ ಪ್ರತಿ ತಂತ್ರಾಂಶದ ಲೈಸೆನ್ಸ್ ಮುಗಿಯುವ ದಿನಾಂಕ ನೋಡಿ. ಆ ವಾರದಲ್ಲಿ ಯಾವುದನ್ನೂ ಹೊಸ ಆವೃತ್ತಿಗೆ ಏರಿಸಬೇಡಿ.

2. ಆಟೋಕ್ಯಾಡ್ ಫೈಲ್‌ನಲ್ಲಿ ಆಡಿಟ್ ಮತ್ತು ಪರ್ಜ್ ಆಜ್ಞೆಗಳನ್ನು ಓಡಿಸಿ, ಫೈಲ್ ಹಗುರಾಗುತ್ತದೆ.

3. ಬೇರೆ ಕಂಪ್ಯೂಟರ್‌ಗೆ ಒಯ್ಯುವಾಗ ಇ-ಟ್ರಾನ್ಸ್‌ಮಿಟ್ ಬಳಸಿ. ಎಕ್ಸ್‌ರೆಫ್ (ಜೋಡಿಸಿದ ಬೇರೆ ನಕ್ಷೆಗಳು), ಫಾಂಟ್, ಪೆನ್ ದಪ್ಪದ ಸಿಟಿಬಿ ಫೈಲ್ ಎಲ್ಲವೂ ಒಂದೇ ಕಟ್ಟಿನಲ್ಲಿ ಬರುತ್ತವೆ. ಡಿಡಬ್ಲ್ಯುಜಿ ಮಾತ್ರ ಒಯ್ದವರ ಶೀಟ್‌ನಲ್ಲಿ ಎಲ್ಲ ಗೆರೆಯೂ ಒಂದೇ ದಪ್ಪದಲ್ಲಿ ಬರುವುದು ಇದನ್ನು ಮಾಡದೆ.

4. ಗೆಳೆಯರ ಆಟೋಕ್ಯಾಡ್ ಹಳೆಯದಾಗಿದ್ದರೆ ಡಿಡಬ್ಲ್ಯುಜಿ ಟ್ರೂವ್ಯೂ ಎಂಬ ಉಚಿತ ಸಾಧನದಿಂದ ಫೈಲನ್ನು ಹಿಂದಿನ ರೂಪಕ್ಕೆ ಇಳಿಸಿ ಕೊಡಿ.

5. ಪ್ಲಾಟಿಂಗ್ ಅಂಗಡಿಗೆ ಪಿಡಿಎಫ್ ಮಾತ್ರ ಒಯ್ಯಿರಿ. ಎ1 ಶೀಟ್ ಆದರೆ ಪಿಡಿಎಫ್‌ನ ಅಳತೆ 841 × 594 ಮಿಲಿಮೀಟರ್ ಇದೆಯೇ ಎಂದು ನೋಡಿ, ‘ಫಿಟ್ ಟು ಪೇಜ್’ ಹಾಕಬೇಡಿ ಎಂದು ಅಂಗಡಿಯವರಿಗೆ ಹೇಳಿ, ಮುದ್ರಣವಾದ ಮೊದಲ ಶೀಟ್‌ನ ಮೇಲೆ ಸ್ಕೇಲ್ ಇಟ್ಟು ಒಂದು ಗೋಡೆಯ ಅಳತೆ ತಾಳೆ ಮಾಡಿದ ಮೇಲೆಯೇ ಉಳಿದವನ್ನು ಹೊಡೆಸಿ.